ಬೆಂಕಿಪೆಟ್ಟಿಗೆ ಇಲ್ಲದ ಕಾಲ

ನಮ್ಮ ಕಾಸರಗೋಡಿನ ಬೇಕಲ ಕೋಟೆ ಕಟ್ಟುವಾಗ ಅಲ್ಲಿಗೆ ಕೆಲಸಕ್ಕೆ ಹೋದ ಒಬ್ಬ ಹುಡುಗನ ಕಾದಂಬರಿ ಬರೀತಾ ಇದ್ದೇನೆ, ಹತ್ತು ಹನ್ನೆರಡು ವರ್ಷದ ಮಕ್ಕಳಿಗೆ. ಶುರು ಮಾಡುವಾಗ ಇಸವಿ, ರಾಜನ ಹೆಸರು ಸರಿ ಇದ್ರೆ ಸಾಕು ಅಂತಿದ್ದೆ. ಅದು ಬೇಗ ಸಿಕ್ಕಿತು ಕೂಡಾ, ಇಕ್ಕೇರಿಯ ಶಿವಪ್ಪ ನಾಯಕ, 1650ರ ಆಸುಪಾಸು.

ಕಷ್ಟ ಶುರುವಾದದ್ದು ಹುಡುಗ ಕುಂಬಳೆಯಿಂದ ನಡೆದು ಹೊರಟ ಮೇಲೆ. ದಾರಿ ಬದಿಯಲ್ಲಿ ರಬ್ಬರ್ ತೋಟ ಅಂತ ಬರೆದುಬಿಟ್ಟಿದ್ದೆ, ನಮ್ಮ ಕಣ್ಣಿಗೆ ದಿನಾ ಕಾಣುವುದು ಅದೇ ಅಲ್ವಾ, ಆದ್ರೆ ರಬ್ಬರ್ ಕೇರಳಕ್ಕೆ ಬಂದದ್ದೇ ಬ್ರಿಟಿಷರ ಕಾಲದಲ್ಲಿ, ತೆಗೆದೆ. ನೆಂಟರ ಮನೆಯಲ್ಲಿ ಕೊಟ್ಟ ಚಾ ತೆಗೆದು ಬೆಲ್ಲ ನೀರು ಕೊಡಿಸಿದೆ. ಚಂದ್ರಗಿರಿ ಹೊಳೆಗೆ ಸಂಕ ಇಲ್ಲ, ಕಡವಿನ ದೋಣಿಗೆ ಕಾಯಬೇಕು, ಹಾಗಾಗಿ ಒಂದು ದಿನದ ದಾರಿ ಎರಡು ದಿನ ಆಯ್ತು. ಮುಂದೆ ಅವನನ್ನು ಬೇಕಲದಿಂದ ತೆಂಕಕ್ಕಿರುವ ಹೊಸದುರ್ಗದ ಕೋಟೆಗೂ ಕಳಿಸಿದ್ದೆ, ಅದಂತೂ ದೊಡ್ಡ ತಪ್ಪು, ಆ ಕೋಟೆ ಕಟ್ಟಿಸಿದ್ದು ಅದೇ ವಂಶದಲ್ಲಿ ಆಮೇಲೆ ಬಂದ ಸೋಮಶೇಖರ ನಾಯಕ, ಶಿವಪ್ಪ ನಾಯಕ 1660ರಲ್ಲೇ ತೀರಿಹೋಗಿದ್ದ. ಇಡೀ ಅಧ್ಯಾಯ ಹೋಯ್ತು.

ಬೇಕಲಕ್ಕೆ ತಂಗಿಯ ಮಗಳನ್ನು ಕರ್ಕೊಂಡು ಹೋಗಿದ್ದೆ. ಕೆಂಪುಕಲ್ಲಿನ ಗೋಡೆಯಲ್ಲಿ ಗುಂಡು ಹೊಡೆಯುವ ಕಂಡಿಗಳುಂಟು, ಮೂರು ಥರ. ಅವಳು ಒಂದೊಂದಕ್ಕೂ ಕಣ್ಣಿಟ್ಟು ನೋಡಿ ಹೇಳಿದ್ಳು, ಮೇಲಿನದ್ರಲ್ಲಿ ದೂರದ್ದು ಕಾಣ್ತದೆ, ಅದರ ಕೆಳಗಿನದ್ರಲ್ಲಿ ಹತ್ರದ್ದು, ಎಲ್ಲಕ್ಕಿಂತ ಕೆಳಗಿನದ್ರಲ್ಲಿ ಗೋಡೆ ಬುಡ. ವೈರಿ ಎಷ್ಟು ಹತ್ತಿರ ಬಂದ್ರೂ ಒಂದು ಕಂಡಿ ಅವನನ್ನು ನೋಡ್ತಾ ಇರ್ತದೆ. ಅವಳ ಆ ಮಾತನ್ನು ಹಾಗೇ ನನ್ನ ಹುಡುಗನ ಬಾಯಲ್ಲಿ ಹಾಕಿದ್ದೇನೆ.

ಆದ್ರೆ ನನಗೆ ನಿಜವಾಗಿ ಕಲಿಸಿದ್ದು ಅಜ್ಜಿ. ಒಂದು ಅಧ್ಯಾಯ ಅವರಿಗೆ ಓದಿ ಹೇಳ್ತಿದ್ದೆ, ಬಿಡಾರದಲ್ಲಿ ಕತ್ತಲೆ, ಹುಡುಗ ಕಡ್ಡಿ ಗೀರಿದ ಅಂತ.

"ಆಗ ಬೆಂಕಿಪೆಟ್ಟಿಗೆ ಎಲ್ಲಿತ್ತು ಮಗಾ?"

ನಿಜ, ಗೀರುವ ಕಡ್ಡಿ ಇಂಗ್ಲೆಂಡಿನಲ್ಲೇ ಬಂದದ್ದು 1820ರ ದಶಕದಲ್ಲಿ. ಅಜ್ಜಿ ಚಿಕ್ಕವರಿದ್ದಾಗಲೂ ಕಡ್ಡಿ ಖರ್ಚು ಮಾಡ್ತಿರ್ಲಿಲ್ಲವಂತೆ, ರಾತ್ರಿ ಒಲೆಯ ಕೆಂಡಕ್ಕೆ ಬೂದಿ ಮುಚ್ಚಿಡುವುದು, ಬೆಳಿಗ್ಗೆ ಆರಿದ್ರೆ ತೆಂಗಿನ ಸಿಪ್ಪೆ ಹಿಡ್ಕೊಂಡು ಕೆಂಡ ತರಲು ಆಚೆಮನೆಗೆ ಓಡುವುದು. ನಾನೂ ಅಂಗಳದಲ್ಲಿ ಮಾಡಿ ನೋಡಿದೆ. ಜೋರಾಗಿ ಊದಿದ್ರೆ ಹೊತ್ತಿ ಕೈ ಸುಡ್ತದೆ, ಊದದಿದ್ರೆ ಕಪ್ಪಾಗ್ತದೆ, ಗಾಳಿಗೆ ಬೆನ್ನು ಹಾಕಿ ನಡೀಬೇಕು, ಬಾವಿಕಟ್ಟೆ ತಲುಪುವಷ್ಟರಲ್ಲಿ ಮೂರು ಸಲ ಆರಿತು.

ಈಗ ಕಥೆಯಲ್ಲಿ ಹುಡುಗ ಗುರುತಿಲ್ಲದ ಊರಲ್ಲಿ ಒಂದು ಮನೆ ಬಾಗಿಲಿಗೆ ಹೋಗಿ ಕೆಂಡ ಕೇಳ್ತಾನೆ. ಆ ಮನೆಯವರದ್ದು ಮಲಯಾಳ, ಇವನದ್ದು ಕನ್ನಡ, ಮಾತು ಹೊಂದುವುದಿಲ್ಲ, ಸಿಪ್ಪೆ ತೋರಿಸ್ತಾನೆ, ಆ ಮನೆಯ ಹುಡುಗಿಗೆ ಅರ್ಥ ಆಗ್ತದೆ. ಅವರಿಬ್ಬರ ಸ್ನೇಹ ಶುರುವಾಗುವುದೇ ಅಲ್ಲಿ. ಕಡ್ಡಿ ಗೀರಿದ್ರೆ ಈ ಹುಡುಗಿ ನನ್ನ ಪುಸ್ತಕಕ್ಕೆ ಬರ್ತಿರ್ಲಿಲ್ಲ.

ತಿದ್ದಿದ್ದನ್ನು ಮತ್ತೆ ಓದಿ ಹೇಳಿದೆ. ಅಜ್ಜಿ ಕಣ್ಣು ಮುಚ್ಚಿ ಕೇಳಿ, "ಮಲಗುವ ಮೊದಲು ಬೂದಿ ಮುಚ್ಚಿದನಾ?" ಅಂದ್ರು. ಅದು ಬಿಟ್ಟುಹೋಗಿತ್ತು, ನಿನ್ನೆ ರಾತ್ರಿ ಸೇರಿಸಿದೆ.