ಆ ಗಡ್ಡದ ಮುದುಕ ಯಾರು?

14 ಜೂನ್ 2025, ಶನಿವಾರ, ರಾತ್ರಿ

ಅಕ್ಕ ಮಲಗಲು ಹೋದಳು. ನನಗೆ ನಿದ್ದೆ ಬರುವ ಲಕ್ಷಣವೇ ಇಲ್ಲ. ಕೊನೆಗೂ ಇವತ್ತು ಇಬ್ಬರೂ ಕೂತು 'ಅಮೋರೆಸ್ ಪೆರೋಸ್' ನೋಡಿದೆವು. ಎರಡೂವರೆ ಗಂಟೆಯ ಸಿನಿಮಾ, ಅದು ಮುಗಿದ ಮೇಲೆ ಅದರ ಬಗ್ಗೆಯೇ ನಮ್ಮಿಬ್ಬರ ವಾದ. ಬಿಸಿ ಆರುವ ಮೊದಲು ಬರೆದಿಡುತ್ತೇನೆ. ಕಥೆಯನ್ನೂ ಹೇಳಿಬಿಡುತ್ತೇನೆ. ಇನ್ನೂ ನೋಡದವರು ನೋಡಿಕೊಂಡು ಬಂದು ಓದಿ.

2000ನೇ ಇಸವಿಯ ಮೆಕ್ಸಿಕೋ ಚಿತ್ರ. ನಿರ್ದೇಶಕ ಅಲೆಹಾಂಡ್ರೊ ಇನ್ಯಾರಿಟು ಅವರ ಮೊದಲ ಸಿನಿಮಾ. ಬರೆದವರು ಗಿಯೆರ್ಮೊ ಆರ್ಯಾಗ. ಮೆಕ್ಸಿಕೋ ಸಿಟಿಯ ರಸ್ತೆಯಲ್ಲಿ ಎರಡು ಕಾರು ಡಿಕ್ಕಿಯಾಗುತ್ತವೆ. ಒಂದರಲ್ಲಿ ಒಕ್ತಾವಿಯೊ ಎಂಬ ಹುಡುಗ, ಅವನ ಗೆಳೆಯ, ಹಿಂದಿನ ಸೀಟಿನಲ್ಲಿ ಗುಂಡೇಟು ತಿಂದ ನಾಯಿ ಕೋಫಿ. ಇನ್ನೊಂದರಲ್ಲಿ ವಲೇರಿಯಾ ಎಂಬ ಮಾಡೆಲ್. ರಸ್ತೆ ಬದಿಯಲ್ಲಿ ಒಬ್ಬ ಗಡ್ಡದ ಮುದುಕ. ಸಿನಿಮಾ ಶುರುವಾಗುವುದೇ ಈ ಡಿಕ್ಕಿಯಿಂದ. ಆಮೇಲೆ ಹಿಂದಕ್ಕೆ ಹೋಗುತ್ತದೆ, ಮುಂದಕ್ಕೆ ಬರುತ್ತದೆ, ಮತ್ತೆ ಮತ್ತೆ ಅದೇ ಜಾಗಕ್ಕೆ ಬಂದು ನಿಲ್ಲುತ್ತದೆ. ಪ್ರತಿ ಸಲವೂ ಬೇರೆಯವರ ಕಡೆಯಿಂದ.

ನಾಯಿ ಕಾಳಗದ ದೃಶ್ಯಗಳಲ್ಲಿ ಅಕ್ಕ ಮುಖ ಮುಚ್ಚಿಕೊಂಡಳು. ಪ್ರಾಣಿಗಳಿಗೆ ಹಿಂಸೆ ಮಾಡಿಲ್ಲ ಅಂತ ಶುರುವಿನಲ್ಲೇ ಹಾಕಿದ್ದಾರಲ್ಲ ಅಂದೆ. "ಹಾಕಿದ್ರೆ? ನೋಡೋಕಾಗಲ್ಲ ಕಣೇ" ಅಂದಳು. ನಿಜ ಹೇಳಬೇಕೆಂದರೆ ನನಗೂ ಆಗಲಿಲ್ಲ. ನೆಲದ ಮೇಲಿನ ರಕ್ತವನ್ನು ನೀರು ಹಾಕಿ ತೊಳೆದು ಮುಂದಿನ ಪಂದ್ಯಕ್ಕೆ ತಯಾರಾಗುವ ಜನರನ್ನು ನೋಡುವುದು ಇನ್ನೂ ಕಷ್ಟ.

ಒಕ್ತಾವಿಯೊಗೆ ಅಣ್ಣನ ಹೆಂಡತಿ ಸುಸಾನಾ ಮೇಲೆ ಪ್ರೀತಿ. ಅವಳನ್ನು ಕರೆದುಕೊಂಡು ಊರು ಬಿಡಲು ದುಡ್ಡು ಬೇಕು, ಅದಕ್ಕಾಗಿ ಕೋಫಿಯನ್ನು ಕಾಳಗಕ್ಕೆ ಬಿಡುತ್ತಾನೆ. ಅಣ್ಣ ರಮೀರೊ ಅಂಗಡಿಗಳನ್ನು ದೋಚುವವನು, ಹೆಂಡತಿಗೆ ಹೊಡೆಯುವವನು. ಅವನನ್ನು ತಮ್ಮನೇ ದುಡ್ಡು ಕೊಟ್ಟು ಹೊಡೆಸುತ್ತಾನೆ. ಹದಿಹರೆಯದ ಮುಗ್ಧ ಪ್ರೇಮಿ ಅಂದುಕೊಂಡು ಅವನ ಜೊತೆ ನಡೆಯುತ್ತಿದ್ದ ನಮಗೆ ಅಲ್ಲಿ ಹೆಜ್ಜೆ ನಿಲ್ಲುತ್ತದೆ.

ಸಿನಿಮಾ ನಡುವೆ ಅಕ್ಕ ಕೇಳುತ್ತಲೇ ಇದ್ದಳು. "ಆ ಗಡ್ಡದ ಮುದುಕ ಯಾರು? ಅವನಿಗೂ ಇದಕ್ಕೂ ಏನು ಸಂಬಂಧ?" ಮೊದಲ ಕಥೆಯ ಮಧ್ಯೆಯೇ ಅವನು ಬಂದು ಹೋಗುತ್ತಾನೆ. ಗಾಡಿ ತಳ್ಳಿಕೊಂಡು, ಹಿಂದೆ ಬೀದಿನಾಯಿಗಳ ದಂಡು ಕಟ್ಟಿಕೊಂಡು ನಡೆಯುತ್ತಾನೆ. ಇದ್ದಕ್ಕಿದ್ದಂತೆ ಹೋಟೆಲಿನಲ್ಲಿ ಕೂತ ಒಬ್ಬನಿಗೆ ಗುಂಡು ಹಾರಿಸಿ ಹೋಗುತ್ತಾನೆ. ಯಾಕೆ, ಏನು, ಒಂದೂ ಹೇಳುವುದಿಲ್ಲ. ಕಥೆ ಮತ್ತೆ ಒಕ್ತಾವಿಯೊ ಕಡೆ ತಿರುಗುತ್ತದೆ.

ಅಕ್ಕನ ತಕರಾರು ಇದೇ. "ಮೊದಲಿಂದ ಸಾಲಾಗಿ ಹೇಳಿದ್ರೆ ಏನು ಕಷ್ಟ ಇತ್ತು? ಸುಮ್ನೆ ಕಲಸಿ ಇಟ್ಟಿದ್ದಾರೆ. ಕಲಸಿದ ತಕ್ಷಣ ದೊಡ್ಡ ಸಿನಿಮಾ ಆಗುತ್ತಾ?"

ಆಗಲ್ಲ. ಕಲಸಿದ್ದೇ ಜಾಣತನ ಅಂದುಕೊಂಡ ಸಿನಿಮಾಗಳು ಬೇಕಾದಷ್ಟಿವೆ. ಅವುಗಳನ್ನು ಬಿಡಿಸಿ ಜೋಡಿಸಿದರೆ ಒಳಗೆ ಏನೂ ಉಳಿಯುವುದಿಲ್ಲ. "ಸರಿ, ಇದನ್ನ ನೀನೇ ಸಾಲಾಗಿ ಹೇಳು ನೋಡೋಣ" ಅಂದೆ.

ಅಕ್ಕ ಆ ಮುದುಕನಿಂದಲೇ ಶುರು ಮಾಡಿದಳು. ಒಬ್ಬ ಮೇಷ್ಟ್ರು ಇದ್ದ. ಪ್ರಪಂಚ ಸರಿ ಮಾಡುತ್ತೇನೆ ಅಂತ ಹೆಂಡತಿಯನ್ನೂ ಪುಟ್ಟ ಮಗಳನ್ನೂ ಬಿಟ್ಟು, ಬಂದೂಕು ಹಿಡಿದು ಸರ್ಕಾರದ ವಿರುದ್ಧ ಹೋರಾಡುವ ಗೆರಿಲ್ಲಾಗಳ ಜೊತೆ ಸೇರಿದ. ಸಿಕ್ಕಿಬಿದ್ದು ವರ್ಷಗಟ್ಟಲೆ ಜೈಲಿನಲ್ಲಿದ್ದ. ಮಗಳಿಗೆ ಅಪ್ಪ ಸತ್ತ ಅಂತ ಹೇಳಿ ಬೆಳೆಸಿದರು. ಹೊರಗೆ ಬಂದವನು ದುಡ್ಡಿಗೆ ಕೊಲೆ ಮಾಡಲು ನಿಂತ... ಅಷ್ಟಕ್ಕೇ ನಿಲ್ಲಿಸಿದಳು. "ಹಿಂಗೆ ಹೇಳಿದ್ರೆ ಅವನು ಪಾಪ ಅನಿಸ್ತಾನೆ, ಅಲ್ವಾ?"

ಅದೇ ನಾನು ಹೇಳಬೇಕಿದ್ದದ್ದು! ಸಾಲಾಗಿ ಹೇಳಿದ್ದರೆ ಮೊದಲ ದಿನವೇ ನಮ್ಮ ಕೈಯಲ್ಲಿ ಅವನಿಗೊಂದು ಕ್ಷಮೆ ಸಿದ್ಧವಾಗಿರುತ್ತಿತ್ತು. ಹೋಟೆಲಿನಲ್ಲಿ ಸತ್ತವನ ಕಡೆ ನಾವು ತಿರುಗಿಯೂ ನೋಡುತ್ತಿರಲಿಲ್ಲ. ಈಗ ಹಾಗಲ್ಲ. ಮೊದಲು ಕೊಲೆ ಕಂಡಿದೆ, ಡಿಕ್ಕಿಯಾದ ಕಾರಿನಿಂದ ಅವನು ದುಡ್ಡು ಎತ್ತಿಕೊಂಡದ್ದು ಗೊತ್ತಾಗಿದೆ, ಆಮೇಲೆ ಮಗಳ ಫೋಟೋ ನೋಡುತ್ತಾ ಕೂತವನನ್ನು ನೋಡಬೇಕು. ಎರಡೂ ಒಬ್ಬನೇ. ಯಾವುದನ್ನೂ ಬಿಡುವ ಹಾಗಿಲ್ಲ. ಅಕ್ಕ ಎರಡು ಗಂಟೆ ಕಾಲ 'ಯಾರವನು' ಅಂತ ಕೇಳುತ್ತಾ ಕೂತಳಲ್ಲ, ಅವನಿಗೆ ಸಿಗಬೇಕಾದ ಗಮನ ಅದರಿಂದಲೇ ಸಿಕ್ಕಿತು. ಬೀದಿಯಲ್ಲಿ ಅಂಥವನನ್ನು ನೋಡಿದಾಗ ಯಾರು ಹಾಗೆ ಕೇಳುತ್ತಾರೆ?

ಈ ಸಿನಿಮಾ ಬಂದ ವರ್ಷವೇ, 2000ದ ಜುಲೈನಲ್ಲಿ, ಮೆಕ್ಸಿಕೋದಲ್ಲಿ 71 ವರ್ಷದಿಂದ ಆಳುತ್ತಿದ್ದ ಪಕ್ಷ ಅಧ್ಯಕ್ಷ ಚುನಾವಣೆಯಲ್ಲಿ ಸೋತಿತು. ಎಲ್ ಚಿವೊ, ಅಂದರೆ ಈ ಮುದುಕ, ಬಂದೂಕು ಹಿಡಿದು ಎದುರಿಸಲು ಹೋದದ್ದು ಅದೇ ಆಳ್ವಿಕೆಯನ್ನು. ಅದು ಕೊನೆಗೆ ಹೋದದ್ದು ವೋಟಿನಿಂದ. ಇದು ಗೊತ್ತಿದ್ದು ನೋಡಿದರೆ ಅವನ ಮುಖ ಬೇರೆಯೇ ಕಾಣುತ್ತದೆ.

ನಡುವಿನ ಕಥೆ ತುಂಬಾ ಜನಕ್ಕೆ ಬೋರು. ನನಗೆ ಅದೇ ಜಾಸ್ತಿ ಭಯ. ಅಲ್ಲಿ ಬಂದೂಕಿಲ್ಲ, ಕೊಲೆಯಿಲ್ಲ. ಕಾಲು ಮುರಿದ ವಲೇರಿಯಾ ಹೊಸ ಮನೆಯಲ್ಲಿ ಗಾಲಿಕುರ್ಚಿ ಮೇಲೆ. ಅವಳ ಪುಟ್ಟ ನಾಯಿ ರಿಚಿ ಮರದ ನೆಲದ ತೂತಿನೊಳಗೆ ಬಿದ್ದು ಹೊರಗೆ ಬರಲಾಗದೆ ಕುಂಯ್‌ಗುಡುತ್ತದೆ. ಎದುರಿನ ಕಟ್ಟಡದ ಮೇಲೆ ಅವಳದೇ ದೊಡ್ಡ ಜಾಹೀರಾತು, ಎರಡೂ ಕಾಲು ಚೆನ್ನಾಗಿರುವ ಚಿತ್ರ. ಹೆಂಡತಿ ಮಕ್ಕಳನ್ನು ಬಿಟ್ಟು ಅವಳ ಹತ್ತಿರ ಬಂದ ಡೇನಿಯಲ್ ಕೊನೆಗೆ ಹಳೆಯ ಮನೆಗೆ ಫೋನ್ ಮಾಡುತ್ತಾನೆ, ಹೆಂಡತಿಯ ದನಿ ಕೇಳಿ ಮಾತಾಡದೆ ಇಟ್ಟುಬಿಡುತ್ತಾನೆ. ಅಕ್ಕ ಇದನ್ನು ಗಮನಿಸಿ ನನ್ನ ತೋಳು ಹಿಡಿದಳು.

ಎಲ್ ಚಿವೊಗೆ ಒಪ್ಪಿಸಿದ ಕೊಲೆ ಒಬ್ಬ ವ್ಯಾಪಾರಿಯದು. ಕೊಲ್ಲಿಸುತ್ತಿರುವವನು ಆ ವ್ಯಾಪಾರಿಯ ಮಲಸಹೋದರನೇ. ವಿಷಯ ತಿಳಿದ ಎಲ್ ಚಿವೊ ಇಬ್ಬರನ್ನೂ ಒಂದೇ ಮನೆಯಲ್ಲಿ ಕಟ್ಟಿಹಾಕಿ, ನಡುವೆ ಪಿಸ್ತೂಲು ಇಟ್ಟು ಹೊರಟುಹೋಗುತ್ತಾನೆ. ಆಮೇಲೆ ಏನಾಯಿತು ಅಂತ ತೋರಿಸುವುದಿಲ್ಲ.

ಆ ದೃಶ್ಯ ಮುಗಿದ ಮೇಲೆ ಅಕ್ಕ ತುಂಬಾ ಹೊತ್ತು ಮಾತಾಡಲಿಲ್ಲ. ನಾನೂ ನಮ್ಮ ಅಣ್ಣನ ವಿಷಯ ಎತ್ತಲಿಲ್ಲ. ಎತ್ತಬೇಕಿತ್ತೇನೋ. ಅಕ್ಕ, ಅಣ್ಣ ಇಬ್ಬರ ನಡುವೆ ಪಿಸ್ತೂಲಿಲ್ಲ, ಬರೀ ಕಾಗದಪತ್ರ. ಆದರೂ ಇಬ್ಬರೂ ಕದಲುತ್ತಿಲ್ಲ.

ಮಲಗುವ ಮುಂಚೆ ಬಾಗಿಲಲ್ಲಿ ನಿಂತು ಕೇಳಿದಳು. "ಆ ಮಗಳು ಮೆಸೇಜ್ ಕೇಳ್ತಾಳೆ ಅಂತೀಯಾ?" ಮಗಳ ಆನ್ಸರಿಂಗ್ ಮೆಷಿನ್‌ನಲ್ಲಿ ಎಲ್ ಚಿವೊ ಅಳುತ್ತಾ ಮಾತಾಡುವುದನ್ನು ಹೇಳಿದ್ದು ಅವಳು. ಹೇಳಿ ಮುಗಿಸುವ ಮೊದಲೇ ಅದು ಕಟ್ ಆಗುತ್ತದೆ. ಕೇಳೇ ಕೇಳುತ್ತಾಳೆ, ನನಗೆ ಸಂಶಯವಿಲ್ಲ.

ಆದರೆ ನನ್ನ ತಲೆ ಕೊರೆಯುತ್ತಿರುವುದು ಒಕ್ತಾವಿಯೊ. ಎದುರು ಕಾರಿನಲ್ಲಿದ್ದವಳ ಬದುಕು ಏನಾಯಿತು ಅಂತ ಅವನಿಗೆ ಗೊತ್ತೇ ಇಲ್ಲ. ಕೋಫಿ ಬದುಕಿದೆ, ಆ ಮುದುಕನೇ ಆರೈಕೆ ಮಾಡಿ ಉಳಿಸಿದ, ಅವನ ನಾಯಿಗಳನ್ನೆಲ್ಲ ಅದು ಕೊಂದರೂ ಅದಕ್ಕೆ ಗುಂಡು ಹೊಡೆಯಲಿಲ್ಲ ಅನ್ನುವುದೂ ಗೊತ್ತಿಲ್ಲ. ಮೂರು ಕಥೆಯೂ ಗೊತ್ತಿರುವುದು ನೋಡುವ ನಮಗೆ ಮಾತ್ರ. ಬಸ್ ನಿಲ್ದಾಣದಲ್ಲಿ ಸುಸಾನಾಗೆ ಕಾಯುತ್ತಾ ನಿಂತವನಿಗೆ ಯಾರಾದರೂ ಬಂದು, ನಿನ್ನ ನಾಯಿ ಇದೆ ಕಣೋ ಅಂತ ಹೇಳಿದ್ದರೆ ಅವನು ಅಲ್ಲಿಂದ ಕದಲುತ್ತಿದ್ದನೋ ಏನೋ.