ಸುಟ್ಟರೂ ಸೂಜಿ ಸೂಜಿಯೇ

ಶಿಡ್ಲಘಟ್ಟದ ಹತ್ತಿರ ಒಂದು ಚಿಕ್ಕ ನರ್ಸಿಂಗ್ ಹೋಮ್‌ನಲ್ಲಿ ನಾನು ಸ್ಟಾಫ್ ನರ್ಸ್. ಮೂವತ್ತು ಬೆಡ್, ಒಂದು ಲೇಬರ್ ರೂಂ, ಒಂದು ಥಿಯೇಟರ್. ಆಸ್ಪತ್ರೆಯ ಹೆಸರು ಬೇಡ. ಅಲ್ಲಿ ನಡೆದ ತಪ್ಪಿನಲ್ಲಿ ನನ್ನ ಪಾಲೂ ಇದೆ, ಬರೆಯಲು ಕೂತಿರುವುದು ಅದಕ್ಕೇ.

ನಾನು ಸೇರಿದಾಗ ಆಸ್ಪತ್ರೆಯ ಹಿಂದೆ ಒಂದು ಗುಂಡಿ ಇತ್ತು. ಬಯೋಮೆಡಿಕಲ್ ಕಸ, ಅಂದರೆ ಸೂಜಿ, ರಕ್ತದ ಹತ್ತಿಯಂಥ ಆಸ್ಪತ್ರೆ ಕಸ, ಒಯ್ಯುವ ಗಾಡಿ ದಿನ ಬಿಟ್ಟು ದಿನ ಬರಬೇಕು. ಬರುತ್ತಿರಲಿಲ್ಲ ಅಂತಲ್ಲ, ತಡವಾಗುತ್ತಿತ್ತು. ಈ ಕಸವನ್ನು 48 ಗಂಟೆಗಿಂತ ಜಾಸ್ತಿ ಇಟ್ಟುಕೊಳ್ಳಬಾರದು ಎಂದು ನಿಯಮ. ಅದಕ್ಕೆ ನಮ್ಮಲ್ಲಿ ಒಂದು ಉಪಾಯ ಕಂಡುಕೊಂಡಿದ್ದರು. ಮೂರನೇ ದಿನ ಸಂಜೆ ಚೀಲಗಳನ್ನೆಲ್ಲ ಗುಂಡಿಗೆ ಹಾಕುವುದು, ಜನರೇಟರ್‌ಗೆ ತಂದ ಡೀಸೆಲ್‌ನಲ್ಲಿ ಒಂದು ಚೊಂಬು ಸುರಿದು ಕಡ್ಡಿ ಗೀರುವುದು. ಒಂದು ನಿಯಮ ಉಳಿಸಿಕೊಳ್ಳಲು ಇನ್ನೊಂದನ್ನು ಸುಡುತ್ತಿದ್ದೆವು.

ಮೊದಲು ಬಟ್ಟೆ, ಹತ್ತಿ ಹೊತ್ತಿಕೊಳ್ಳುತ್ತಿತ್ತು. ಆಮೇಲೆ ಇಂಜೆಕ್ಷನ್ ಆಂಪೂಲ್‌ಗಳು ಚಟ್ ಚಟ್ ಅಂತ ಸಿಡಿಯುತ್ತಿದ್ದವು. ಕೊನೆಗೆ ಗ್ಲೌಸ್, ಡ್ರಿಪ್ ಸೆಟ್ ಕರಗಿ ಕಪ್ಪು ಹೊಗೆ. ಅದು ಗಂಟಲಲ್ಲಿ ಕೂತರೆ ರಾತ್ರಿ ಊಟದವರೆಗೂ ಹೋಗುತ್ತಿರಲಿಲ್ಲ. ವಾರ್ಡಿನ ಆ ಕಡೆಯ ಕಿಟಕಿ ಮುಚ್ಚಿಬಿಡುತ್ತಿದ್ದೆವು. ನಮ್ಮ ಮಟ್ಟಿಗೆ ಅಲ್ಲಿಗೆ ಮುಗೀತು.

ಕಿಟಕಿ ಮುಚ್ಚಲಾಗದವರು ಹಿಂದಿನ ತೋಟದವರು. ಕಾಂಪೌಂಡ್ ಆಚೆ ಹಿಪ್ಪುನೇರಳೆ ತೋಟ, ಅದರ ಪಕ್ಕದಲ್ಲೇ ಅವರ ಹುಳುಮನೆ. ಒಂದು ಸಂಜೆ ಯಜಮಾನರು ಕಾಂಪೌಂಡ್ ಹತ್ತಿರ ಬಂದು ಕರೆದರು. "ಸಿಸ್ಟರ್, ಹುಳ ನಾಕನೇ ಜ್ವರ ಎದ್ದವೆ. ಈ ಟೈಮಲ್ಲಿ ನಾವು ಹುಳುಮನೆ ಹತ್ರ ಬೀಡಿ ಕೂಡ ಸೇದಲ್ಲ. ನೀವು ನೋಡಿದ್ರೆ ಇಷ್ಟು ಹೊಗೆ ಹಾಕ್ತೀರಲ್ಲ?"

ರೇಷ್ಮೆ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಹುಳ ಪೊರೆ ಬಿಡುವುದಕ್ಕೆ ಇಲ್ಲಿ ಜ್ವರ ಅನ್ನುತ್ತಾರೆ. ನಾಲ್ಕನೇ ಜ್ವರ ಎದ್ದ ಮೇಲೆ ಒಂದು ವಾರ ಹಗಲು ರಾತ್ರಿ ಸೊಪ್ಪು ಮೇಯುತ್ತವೆ, ಆಮೇಲೆ ಗೂಡು ಕಟ್ಟುತ್ತವೆ. ಆ ವಾರ ಕೆಟ್ಟರೆ ಬೆಳೆ ಹೋದ ಹಾಗೇ. ಊದುಬತ್ತಿ, ಸೊಳ್ಳೆಬತ್ತಿಯನ್ನೂ ದೂರ ಇಡುವ ಜನ ಇವರು. "ಅದು ಬರೀ ಹತ್ತಿ, ಬ್ಯಾಂಡೇಜ್ ಅಣ್ಣ" ಎಂದು ನಾನು ಹೇಳಿದೆ. ಅದು ಸುಳ್ಳು ಅಂತ ನನಗೆ ಗೊತ್ತಿತ್ತು.

ಡ್ರಿಪ್ ಸೆಟ್, ಯೂರಿನ್ ಬ್ಯಾಗ್ ಬಹುಪಾಲು ಪಿವಿಸಿ ಪ್ಲಾಸ್ಟಿಕ್. ಅದರಲ್ಲಿ ಕ್ಲೋರಿನ್ ಇರುತ್ತೆ. ಕಡಿಮೆ ಶಾಖದಲ್ಲಿ ಅರೆಬರೆ ಸುಟ್ಟರೆ ಡೈಆಕ್ಸಿನ್ ಹುಟ್ಟುತ್ತೆ. ಕ್ಯಾನ್ಸರ್ ತರುವ ವಸ್ತು ಅದು. ಗಾಳಿಯಲ್ಲಿ ಹೋಗಿ ಹುಲ್ಲಿನ ಮೇಲೆ ಕೂರುತ್ತೆ, ಹಸು ತಿನ್ನುತ್ತೆ, ಕೊಬ್ಬಿನಲ್ಲಿ ಉಳಿದು ಹಾಲಿಗೆ ಬರುತ್ತೆ. ಮನೆಮನೆಯಲ್ಲೂ ಸೀಮೆಹಸು ಕಟ್ಟಿ ಡೈರಿಗೆ ಹಾಲು ಹಾಕುವ ಜಿಲ್ಲೆ ನಮ್ಮದು! ಕ್ಲೋರಿನ್ ಇರುವ ಪ್ಲಾಸ್ಟಿಕ್ ಸುಡಬಾರದು ಎಂದು 1998ರ ನಿಯಮದಲ್ಲೇ ಇತ್ತು. 2016ರಲ್ಲಿ ಹೊಸ ನಿಯಮ ಬಂತು, ಯಾವ ಕಸ ಯಾವ ಬಣ್ಣದ ಚೀಲಕ್ಕೆ ಎನ್ನುವ ಚಾರ್ಟ್ ನಮ್ಮ ಗೋಡೆಗೆ ಅಂಟಿತು. ಗುಂಡಿ ಮಾತ್ರ ಇದ್ದ ಹಾಗೇ ಇತ್ತು.

ಅದನ್ನು ನಿಲ್ಲಿಸಿದ್ದು ಹೊಗೆಯಲ್ಲ, ಒಂದು ಸೂಜಿ.

2018ರ ಮಳೆಗಾಲ. ನಮ್ಮ ಆಯಾ ಅಕ್ಕ ಚೀಲ ಎತ್ತಿಕೊಂಡು ಹಿಂದಕ್ಕೆ ಹೊರಟಿದ್ದರು. ಚೀಲ ತೊಡೆಗೆ ತಾಗಿತು. "ಅಮ್ಮಾ" ಅಂದರು, ಅಷ್ಟೇ. ಸೀರೆಯ ಮೇಲೆ ಸಾಸಿವೆಯಷ್ಟು ರಕ್ತ. ಚೀಲ ಬಿಚ್ಚಿ ನೋಡಿದೆ. ಊಟದ ಎಲೆ, ಗ್ಲೌಸ್, ಮಡಚಿದ ಪ್ಯಾಡ್, ಅದರ ಮಧ್ಯೆ ಐವಿ ಕ್ಯಾನುಲಾದ (ಡ್ರಿಪ್ ಕೊಡಲು ರಕ್ತನಾಳಕ್ಕೆ ಹಾಕುವ ನಳಿಕೆ) ಒಳಗಿನ ಸೂಜಿ. ಸೂಜಿಗಳ ಬಿಳಿ ಡಬ್ಬಿಗೆ ಹೋಗಬೇಕಾದದ್ದು ಮಾಮೂಲಿ ಕಸದ ಕರಿ ಚೀಲದಲ್ಲಿತ್ತು. ಬೆಳಗಿನ ಡ್ಯೂಟಿಯಲ್ಲಿ ಆರು ಜನಕ್ಕೆ ಲೈನ್ ಹಾಕಿದ್ದೆವು. ನಾಲ್ಕು ನಾನು ಹಾಕಿದ್ದು.

ಗಾಯವನ್ನು ಸೋಪು ನೀರಲ್ಲಿ ತೊಳೆಸಿ ಚಿಕ್ಕಬಳ್ಳಾಪುರಕ್ಕೆ ಕರೆದುಕೊಂಡು ಹೋದೆವು. ಎಚ್‌ಐವಿ ತಡೆಯುವ ಮಾತ್ರೆ ಆದಷ್ಟು ಎರಡು ಗಂಟೆಯೊಳಗೆ ಶುರುವಾಗಬೇಕು, 72 ಗಂಟೆ ದಾಟಿದರೆ ಕೊಟ್ಟು ಪ್ರಯೋಜನವಿಲ್ಲ. ಅಲ್ಲಿನ ಡಾಕ್ಟರ್ ಮೊದಲು ಕೇಳಿದ್ದು, "ಯಾರ ಸೂಜಿ?" ನಮ್ಮ ಹತ್ತಿರ ಉತ್ತರ ಇರಲಿಲ್ಲ. ಯಾರದ್ದೆಂದು ಗೊತ್ತಿದ್ದರೆ ಆ ಪೇಷಂಟ್ ರಕ್ತ ಪರೀಕ್ಷೆ ಮಾಡಬಹುದಿತ್ತು. ಕಸ ಕಲೆಸಿದ ಮೇಲೆ ಸೂಜಿಗೆ ಹೆಸರಿಲ್ಲ. ಹಾಗಾಗಿ 28 ದಿನದ ಮಾತ್ರೆ. ವಾಂತಿ, ತಲೆಸುತ್ತು, ಆ ತಿಂಗಳೆಲ್ಲ ಅಕ್ಕ ಅರ್ಧ ಆಳಾಗಿದ್ದರು.

ಎಲ್ಲರಿಗೂ ಎಚ್‌ಐವಿಯದೇ ಭಯ. ಲೆಕ್ಕ ನೋಡಿದರೆ, ಎಚ್‌ಐವಿ ಇರುವವರ ಸೂಜಿ ಚುಚ್ಚಿದಾಗ ಸೋಂಕು ತಗಲುವ ಸಾಧ್ಯತೆ ಸುಮಾರು ಶೇ 0.3. ಲಿವರ್‌ಗೆ ತಗಲುವ ಹೆಪಟೈಟಿಸ್ ಬಿಯದು ಲಸಿಕೆ ಹಾಕಿಸಿಕೊಳ್ಳದವರಿಗೆ ಶೇ 30ರವರೆಗೂ ಹೋಗುತ್ತೆ. ನಾವು ನರ್ಸ್‌ಗಳೆಲ್ಲ ಮೂರು ಡೋಸ್ ಹಾಕಿಸಿಕೊಂಡಿದ್ದೆವು. ಕಸ ಹೊರುವ ಅಕ್ಕನಿಗೆ ಒಂದೂ ಆಗಿರಲಿಲ್ಲ. ಕಸ ಮುಟ್ಟುವ ಪ್ರತಿಯೊಬ್ಬರಿಗೂ ಆ ಲಸಿಕೆ ಹಾಕಿಸಬೇಕು ಎಂದು ನಿಯಮದಲ್ಲೇ ಇದೆ. ನಾವು ಯಾರೂ ಕೇಳಲೇ ಇಲ್ಲ. ನನಗೆ ಇವತ್ತಿಗೂ ಜಾಸ್ತಿ ಚುಚ್ಚುವುದು ಅದೇ.

ಮಾರನೇ ದಿನ ಗುಂಡಿಯ ಹತ್ತಿರ ಹೋಗಿ ಒಂದು ಕಡ್ಡಿಯಲ್ಲಿ ಬೂದಿ ಕೆದಕಿದೆ. ಸಿರಿಂಜ್ ಕರಗಿ ಉಂಡೆಯಾಗಿತ್ತು. ಸೂಜಿಗಳು ಕಪ್ಪಾಗಿದ್ದವು, ಅಷ್ಟೇ. ಒಂದನ್ನು ಫೋರ್ಸೆಪ್ಸ್‌ನಲ್ಲಿ ಎತ್ತಿ ಗ್ಲೌಸ್ ಮೇಲೆ ಒತ್ತಿ ನೋಡಿದೆ. ಸಲೀಸಾಗಿ ತೂರಿತು. ಇಷ್ಟು ವರ್ಷ ಸುಟ್ಟು ನಾವು ಕಳೆದುಕೊಂಡದ್ದು ಕಣ್ಣಿಗೆ ಕಾಣುವ ರಾಶಿ ಮಾತ್ರ.

ಆಮೇಲೆ ಕಸದ ಜವಾಬ್ದಾರಿ ನನ್ನ ತಲೆಗೆ ಬಂತು. ಮೊದಲು ಟ್ರೈನಿಂಗ್ ಕೊಡೋಣ ಎಂದುಕೊಂಡೆ. ಒಂದು ದಿನ ಸುಮ್ನೆ ವಾರ್ಡಿನ ಮೂಲೆಯಲ್ಲಿ ನಿಂತು ನೋಡಿದಾಗ ಗೊತ್ತಾಯಿತು, ಬಣ್ಣ ಎಲ್ಲರಿಗೂ ಗೊತ್ತಿದೆ. ಡಬ್ಬಿಗಳಿದ್ದದ್ದು ಕಾರಿಡಾರ್ ಕೊನೆಯಲ್ಲಿ. ಲೈನ್ ಹಾಕಿದ ನರ್ಸ್ ಸೂಜಿಯನ್ನು ಕಿಡ್ನಿ ಟ್ರೇನಲ್ಲಿ ಇಡುತ್ತಾಳೆ, ಅಷ್ಟರಲ್ಲಿ ಇನ್ನೊಂದು ಬೆಡ್‌ನಿಂದ ಕರೆಯುತ್ತಾರೆ, ಟ್ರೇ ಖಾಲಿ ಮಾಡುವುದು ಬೇರೆ ಯಾರೋ. ಅವರಿಗೆ ಹತ್ತಿಯ ಕೆಳಗೆ ಸೂಜಿ ಇರುವುದು ಕಾಣಲ್ಲ. ಆ ಬಿಳಿ ಡಬ್ಬಿಯನ್ನು ತಂದು ಟ್ರಾಲಿಗೇ ಕಟ್ಟಿದೆವು, ಪಕ್ಕದಲ್ಲೇ ಸೂಜಿ ಕತ್ತರಿಸುವ ಹಬ್ ಕಟರ್. ಕೈ ಚಾಚಿದರೆ ಸಿಗಬೇಕು. ಸೂಜಿಗೆ ಮತ್ತೆ ಮುಚ್ಚಳ ಹಾಕುವ ಅಭ್ಯಾಸ ಬಿಡಿಸಲು ಮಾತ್ರ ಒಂದು ವರ್ಷ ಹಿಡಿಯಿತು. ಸೀನಿಯರ್‌ಗಳೇ ಕಷ್ಟ, ನಾನೂ ಸೇರಿ.

ಹಳದಿ ಚೀಲ ತೂಗಿ ನೋಡಿದ್ದು ಇನ್ನೊಂದು ಕಥೆ. ಅಷ್ಟು ಭಾರ ಹೇಗೆ ಅಂತ ಬಿಚ್ಚಿದರೆ ಎಳನೀರು ಬುರುಡೆ! ಪೇಷಂಟ್ ನೋಡಲು ಬಂದವರು ತಂದದ್ದು. ಸುಡಲು ಹೋಗುವ ಚೀಲದಲ್ಲಿ ಬುರುಡೆ, ಬಿಸ್ಕತ್ ಪ್ಯಾಕೆಟ್, ಪೇಪರ್. ಆಸ್ಪತ್ರೆ ಕಸದಲ್ಲಿ ಸುಮಾರು ಶೇ 85 ಮನೆ ಕಸದಂತೆಯೇ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ. ಉಳಿದ ಶೇ 15ನ್ನು ಅದರೊಳಗೆ ಬೆರೆಸಿದರೆ ನೂರಕ್ಕೆ ನೂರೂ ಅಪಾಯದ ಕಸ.

ಇದನ್ನು ಹೊಸ ಹುಡುಗಿಯರಿಗೆ ನನಗಿಂತ ಚೆನ್ನಾಗಿ ಹೇಳಿದ್ದು ಆಯಾ ಅಕ್ಕ. ಅವರ ಮನೆಯಲ್ಲೂ ಹುಳ ಸಾಕುತ್ತಾರೆ. "ಹಾಲುತೊಂಡೆ ರೋಗ ಬಂದ ಹುಳ ತಟ್ಟೇಲಿ ಬಿಡ್ತೀರಾ? ಒಡೆದು ಹಾಲು ಸೋರಿದ್ರೆ ಇಡೀ ತಟ್ಟೆ ಹೋಯ್ತು. ಕಂಡ ತಕ್ಷಣ ಆರಿಸಿ ಸುಣ್ಣ, ಬ್ಲೀಚಿಂಗ್ ಪೌಡರ್ ನೀರಿಗೆ ಹಾಕ್ತೀವಿ. ಇದೂ ಅಷ್ಟೇ ಕಣಮ್ಮ." ಹುಳುಮನೆಯಲ್ಲಿ ಬೆಳೆದ ಹುಡುಗಿಯರು ತಲೆ ಆಡಿಸಿದರು. ನನ್ನ ಚಾರ್ಟ್ ಮುಂದೆ ಯಾರೂ ಹಾಗೆ ತಲೆ ಆಡಿಸಿದ್ದಿಲ್ಲ.

ಬಳಸಿದ ಪ್ಲಾಸ್ಟಿಕ್ ಹಾಕುವ ಕೆಂಪು ಚೀಲಕ್ಕೆ ಬೇರೆ ಕಾಟ. ಗುಜರಿಯವನು ಬಂದು "ಸಿರಿಂಜ್, ಗ್ಲೂಕೋಸ್ ಬಾಟ್ಲಿ ಇದ್ರೆ ಕೊಡಿ, ದುಡ್ಡು ಕೊಡ್ತೀನಿ" ಅನ್ನುತ್ತಿದ್ದ. 2009ರಲ್ಲಿ ಗುಜರಾತಿನ ಮೊಡಾಸಾದಲ್ಲಿ ಹೆಪಟೈಟಿಸ್ ಬಿ ಹರಡಿ ಎಷ್ಟೋ ಜನ ಸತ್ತರು, ಬಳಸಿದ ಸಿರಿಂಜ್ ಮತ್ತೆ ಬಳಸಿದ್ದು ಕಾರಣ. ಅದನ್ನು ಹೇಳಿದ ಮೇಲೆ ನಮ್ಮವರು ಡ್ರಿಪ್ ಟ್ಯೂಬನ್ನು ಕತ್ತರಿಸದೆ ಚೀಲಕ್ಕೆ ಹಾಕುವುದಿಲ್ಲ. ಕೆಂಪು ಚೀಲ ಸುಡುವುದಕ್ಕಲ್ಲ. ಆಟೋಕ್ಲೇವ್‌ನಲ್ಲಿ 121 ಡಿಗ್ರಿ ಹಬೆಯಲ್ಲಿ ಒಂದು ಗಂಟೆ ಬೇಯಿಸಿ, ಪುಡಿ ಮಾಡಿ, ಪ್ಲಾಸ್ಟಿಕ್ಕಾಗಿ ಮತ್ತೆ ಬಳಸುತ್ತಾರೆ. ಕುಕ್ಕರ್‌ನ ದೊಡ್ಡಣ್ಣ ಅನ್ನಿ.

"ಹಾಗಾದರೆ ದೊಡ್ಡ ಮೆಷಿನ್ ಹಾಕಿ ಎಲ್ಲ ಸುಡಬಹುದಲ್ಲ?" ಎಂದು ನಮ್ಮ ಆಸ್ಪತ್ರೆಯ ಯಜಮಾನರು ಕೇಳಿದ್ದರು. 75 ಕಿಲೋಮೀಟರ್ ಒಳಗೆ ಹಲವು ಆಸ್ಪತ್ರೆಗಳ ಕಸ ಸಂಸ್ಕರಿಸುವ ಸಾಮೂಹಿಕ ಘಟಕ ಇದ್ದರೆ ಆಸ್ಪತ್ರೆ ಸ್ವಂತದ್ದು ಹಾಕುವಂತಿಲ್ಲ. ಹಾಕಿದರೂ ಎರಡು ಕೋಣೆ ಬೇಕು. ಮೊದಲನೆಯದರಲ್ಲಿ ಸುಮಾರು 800 ಡಿಗ್ರಿ, ಎರಡನೆಯದರಲ್ಲಿ 1050, ಅಲ್ಲಿ ಹೊಗೆ ಎರಡು ಸೆಕೆಂಡಾದರೂ ನಿಲ್ಲಬೇಕು, 30 ಮೀಟರ್ ಚಿಮಣಿ. ಇಷ್ಟೆಲ್ಲ ದಿನಾ ಸರಿಯಾಗಿ ನಡೆಯುತ್ತೆ ಅಂತ ನಂಬಲು ನನಗೆ ಧೈರ್ಯ ಸಾಲದು. ಮಾಸು, ರಕ್ತದ ಹತ್ತಿಗೆ ಸದ್ಯಕ್ಕೆ ಬೇರೆ ದಾರಿ ಕಡಿಮೆ, ಒಪ್ಪುತ್ತೇನೆ. ಆ ಬೆಂಕಿಗೆ ಹೋಗುವುದು ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು. ಅದು ನಿರ್ಧಾರ ಆಗುವುದು ಚಿಮಣಿ ಹತ್ತಿರ ಅಲ್ಲ, ಬೆಡ್ ಪಕ್ಕದಲ್ಲಿ.

ಗಾಡಿ ಈಗಲೂ ಒಮ್ಮೊಮ್ಮೆ ತಡ. ಬೀಗ ಹಾಕುವ ಒಂದು ರೂಂ ಮಾಡಿದ್ದೇವೆ, ಚೀಲಕ್ಕೆ ಬಾರ್‌ಕೋಡ್, ತಡವಾದರೆ ರಿಜಿಸ್ಟರ್‌ನಲ್ಲಿ ಬರೆದು ಮಾಲಿನ್ಯ ನಿಯಂತ್ರಣ ಮಂಡಳಿಗೆ ತಿಳಿಸುತ್ತೇವೆ. ಅಕ್ಕನ ಆರು ತಿಂಗಳ ರಿಪೋರ್ಟ್ ನೆಗೆಟಿವ್ ಬಂತು. ರಿಪೋರ್ಟ್ ಕೈಗೆ ಕೊಟ್ಟಾಗ ಮಡಚಿ ಎಲೆಅಡಿಕೆ ಚೀಲದಲ್ಲಿ ಇಟ್ಟುಕೊಂಡರು, ಏನೂ ಮಾತಾಡಲಿಲ್ಲ. ಆ ಸೂಜಿ ನಂದೇ ಇರಬಹುದು ಅಕ್ಕ ಎಂದು ನಾನು ಅವತ್ತೂ ಹೇಳಲಿಲ್ಲ.

ಗುಂಡಿಗೆ ಮಣ್ಣು ತುಂಬಿಸಿದ್ದೇವೆ. ಅದರ ಮೇಲೆ ಈಗ ಬೈಕ್ ನಿಲ್ಲಿಸುತ್ತಾರೆ. ಜೋರು ಮಳೆ ಬಂದು ಮಣ್ಣು ಕೊಚ್ಚಿದಾಗ ಒಂದೊಂದು ಸೂಜಿ ಮೇಲೆ ಬರುತ್ತೆ. ದಪ್ಪ ಗ್ಲೌಸ್ ಹಾಕಿ, ಫೋರ್ಸೆಪ್ಸ್ ಮತ್ತು ಬಿಳಿ ಡಬ್ಬಿ ಹಿಡಿದು ಹೋಗುತ್ತೇನೆ. ಕಳೆದ ವಾರ ಎರಡು ಸಿಕ್ಕವು.