ಮಳೆಗಾಲದಲ್ಲಿ ಶಿರಾಡಿ ಇಳಿಯುವವರಿಗೆ

ಬೆಂಗಳೂರಿನಿಂದ ಮಂಗಳೂರಿಗೆ ಕಾರಿನಲ್ಲಿ ಹೊರಡುವವರು ಮೊದಲು ಕೇಳುವುದು ಎಷ್ಟು ಗಂಟೆಗೆ ತಲುಪಬಹುದು ಎಂದು. ದಾರಿ ಸುಮಾರು 350 ಕಿಲೋಮೀಟರ್. ಮಳೆಗಾಲದಲ್ಲಾದರೆ ಇಡೀ ಹಗಲನ್ನು ಅದಕ್ಕೇ ಎತ್ತಿಡಿ. ಇಂತಿಷ್ಟು ಹೊತ್ತಿಗೆ ಆರತಕ್ಷತೆಯಲ್ಲಿ ನಿಂತಿರಲೇಬೇಕು ಎಂದಿದ್ದರೆ ಹಿಂದಿನ ದಿನವೇ ಹೊರಡಿ. ಗಡಿಯಾರ ನೋಡುತ್ತಾ ಘಟ್ಟ ಇಳಿಯುವ ಚಾಲಕನ ಪಕ್ಕದಲ್ಲಿ ಕೂರಲು ನಾನಂತೂ ಸಿದ್ಧನಿಲ್ಲ.

ಕಳೆದ ಜುಲೈನಲ್ಲಿ ಮನೆಯವರೊಂದಿಗೆ ನಸುಕಿನಲ್ಲೇ ಹೊರಟೆವು. ರಾತ್ರಿ ಊಟ ಮುಗಿಸಿ ಹನ್ನೊಂದಕ್ಕೆ ಹೊರಟು ಬೆಳಗಾಗುವಷ್ಟರಲ್ಲಿ ಮಂಗಳೂರು ಸೇರುವ ಲೆಕ್ಕ ಹಲವರದು. ಹಾಗೆ ಹೊರಟರೆ ಘಟ್ಟ ಬರುವುದು ಮೂರು ಗಂಟೆಯ ಸುಮಾರಿಗೆ, ರೆಪ್ಪೆ ತಾನಾಗಿ ಮುಚ್ಚುವ ಹೊತ್ತಿಗೆ. ಕಾಫಿಯಾಗಲಿ ಜೋರು ಸಂಗೀತವಾಗಲಿ ನಿದ್ದೆಗೆ ಪರ್ಯಾಯವಲ್ಲ.

ನೆಲಮಂಗಲ ದಾಟಿದ ಮೇಲೆ ಹಾಸನದವರೆಗೆ ಚತುಷ್ಪಥ ಹೆದ್ದಾರಿ. ನುಣುಪಾದ ಈ ರಸ್ತೆಯೇ ಜನರನ್ನು ಮೈಮರೆಸುತ್ತದೆ. ಕುಣಿಗಲ್, ಯಡಿಯೂರು, ಚನ್ನರಾಯಪಟ್ಟಣದ ಆಸುಪಾಸಿನಲ್ಲಿ ವಿಭಜಕದ ನಡುವಿನ ಸಂದಿಯಿಂದ ಬೈಕ್ ನುಗ್ಗಬಹುದು, ಹಿಂದೀಪವಿಲ್ಲದ ಟ್ರ್ಯಾಕ್ಟರ್ ಬಲಪಥದಲ್ಲೇ ತೆವಳುತ್ತಿರಬಹುದು, ಇಂಧನ ಉಳಿಸಲು ಎದುರುದಿಕ್ಕಿನಲ್ಲಿ ಬರುವ ಮಹಾಶಯರೂ ಸಿಗಬಹುದು. ಶಿವರಾತ್ರಿಯ ಮುಂಚಿನ ದಿನಗಳಲ್ಲಿ ಹೊರಟರೆ ಧರ್ಮಸ್ಥಳಕ್ಕೆ ಹೊರಟ ಪಾದಯಾತ್ರಿಗಳು ರಾತ್ರಿಯೂ ಅಂಚಿನಲ್ಲಿ ನಡೆಯುತ್ತಿರುತ್ತಾರೆ. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಕಾರು ಪ್ರತಿ ಸೆಕೆಂಡಿಗೆ ಸುಮಾರು 28 ಮೀಟರ್ ಓಡುತ್ತದೆ. ನೀವು ಕಂಡು, ಅರಿತು, ಬ್ರೇಕ್ ಒತ್ತುವ ಮೊದಲೇ ಅಷ್ಟು ದೂರ ಕೈಬಿಟ್ಟುಹೋಗಿರುತ್ತದೆ. ಮುಂದಿನ ವಾಹನ ಒಂದು ಕಂಬ ದಾಟಿದ ಮೇಲೆ ನೀವು ಅದೇ ಕಂಬ ತಲುಪಲು ಮೂರು ಸೆಕೆಂಡಾದರೂ ಹಿಡಿಯಬೇಕು. ಮಳೆಯಲ್ಲಿ ಅದರ ಎರಡರಷ್ಟು. ಆ ಜಾಗಕ್ಕೆ ಬೇರೆ ಯಾರಾದರೂ ತೂರಿಕೊಳ್ಳುತ್ತಾರೆ ಎಂಬ ಆಕ್ಷೇಪ ನಿಜ. ತೂರಿಕೊಳ್ಳಲಿ, ಇನ್ನಷ್ಟು ಹಿಂದೆ ಸರಿಯಿರಿ.

ಘಟ್ಟ ತೆರೆದಿದೆಯೇ ಎಂದು ಹಾಸನದಲ್ಲೇ ವಿಚಾರಿಸಿ. ಸಕಲೇಶಪುರದ ಆಚೆ ದೋಣಿಗಾಲ್, ದೊಡ್ಡತಪ್ಲು ಬಳಿ ಗುಡ್ಡ ಕುಸಿದು ಸಂಚಾರ ನಿಂತ ಮಳೆಗಾಲಗಳಿವೆ. ಶಿರಾಡಿ ಮುಚ್ಚಿದ್ದರೆ ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರದ ಮೂಲಕ ಚಾರ್ಮಾಡಿ, ಇಲ್ಲವೇ ಮಡಿಕೇರಿಯ ಮೇಲೆ ಸಂಪಾಜೆ. ಈ ನಿರ್ಧಾರವನ್ನು ಘಟ್ಟದ ಬಾಯಿಯವರೆಗೆ ಎಳೆದರೆ ಬಂದ ದಾರಿಯಲ್ಲೇ ಹಿಂತಿರುಗಬೇಕಾಗುತ್ತದೆ.

ಸಕಲೇಶಪುರದಲ್ಲಿ ತಿಂಡಿ ಮುಗಿಸಿ, ಚಕ್ರಗಳ ಗಾಳಿ ನೋಡಿಕೊಂಡು ಹೊರಟಾಗ ಮಂಜು ದಟ್ಟವಾಗಿತ್ತು. ಇಂಥಲ್ಲಿ ಹೈಬೀಮ್ ಹಾಕಿದರೆ ಬೆಳಕು ಮಂಜಿಗೆ ಬಡಿದು ನಿಮ್ಮ ಕಣ್ಣಿಗೇ ವಾಪಸ್ಸು ಬರುತ್ತದೆ. ಲೋಬೀಮ್ ಮತ್ತು ಫಾಗ್ ಲ್ಯಾಂಪ್ ಸಾಕು. ನಾಲ್ಕೂ ಇಂಡಿಕೇಟರ್ ಮಿನುಗಿಸುತ್ತಾ ಓಡಿಸುವ ಚಾಳಿಯನ್ನು ಯಾರು ಶುರುಮಾಡಿದರೋ. ಹಿಂದಿನವನಿಗೆ ನೀವು ನಿಂತಿದ್ದೀರೋ, ಚಲಿಸುತ್ತಿದ್ದೀರೋ, ತಿರುಗುತ್ತೀರೋ ಒಂದೂ ತಿಳಿಯುವುದಿಲ್ಲ.

ಇಳಿಜಾರಿನಲ್ಲಿ ಗೇರ್ ಕೆಲಸ ಮಾಡಲಿ. ಎರಡನೆಯ ಅಥವಾ ಮೂರನೆಯ ಗೇರಿನಲ್ಲಿ ಎಂಜಿನ್ನೇ ವೇಗವನ್ನು ಹಿಡಿದಿಡುತ್ತದೆ. ಉದ್ದಕ್ಕೂ ಬ್ರೇಕ್ ಒತ್ತಿಕೊಂಡೇ ಇಳಿದರೆ ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ. ಸುಟ್ಟ ವಾಸನೆ ಬಂದರೆ ಅಗಲವಾದ ಜಾಗ ನೋಡಿ ನಿಲ್ಲಿಸಿ, ತಣಿಯಲು ಬಿಡಿ. ನ್ಯೂಟ್ರಲ್‌ನಲ್ಲಿ ಉರುಳಿಸುವ ಮಾತೇ ಬೇಡ. ಇಕ್ಕಟ್ಟಾದ ಕಡೆ ಏರಿ ಬರುವ ವಾಹನಕ್ಕೆ ಮೊದಲ ದಾರಿ, ಏಕೆಂದರೆ ಹೇರು ಹೊತ್ತು ನಿಂತ ಲಾರಿ ಮತ್ತೆ ಹೊರಡುವುದು ಕಷ್ಟ.

ಈ ದಾರಿಯಲ್ಲಿ ಮಂಗಳೂರಿನ ಕಡೆಯಿಂದ ಬರುವ ಅನಿಲ ಮತ್ತು ಇಂಧನ ಟ್ಯಾಂಕರ್‌ಗಳು ಹೆಚ್ಚು. ತಿರುವಿನಲ್ಲಿ ಅವುಗಳ ಹಿಂದಿನ ಚಕ್ರ ಒಳಗೆ ಸರಿಯುತ್ತದೆ, ಮುಂಭಾಗ ನಿಮ್ಮ ಪಥಕ್ಕೆ ಚಾಚುತ್ತದೆ. ಆದ್ದರಿಂದ ತಿರುವಿಗೆ ಮುಂಚೆಯೇ ನಿಧಾನಿಸಿ, ಎಡಕ್ಕೆ ಸರಿದು ಅವರಿಗೆ ಜಾಗ ಬಿಟ್ಟುಕೊಡಿ. ಲಾರಿಯ ಬಲ ಇಂಡಿಕೇಟರ್ ‘ಮುಂದೆ ಹೋಗು’ ಎಂದೂ ಆಗಬಹುದು, ‘ಬಲಕ್ಕೆ ತಿರುಗುತ್ತೇನೆ’ ಎಂದೂ ಆಗಬಹುದು. ಎದುರು ರಸ್ತೆ ನಿಮ್ಮ ಕಣ್ಣಿಗೆ ಕಾಣುವವರೆಗೆ ಹಿಂದೆಯೇ ಇರಿ. ನಮ್ಮ ಹಿಂದೆ ಒಬ್ಬರು ಬಿಡದೆ ಹಾರ್ನ್ ಒತ್ತುತ್ತಿದ್ದರು. ಅಗಲ ಸಿಕ್ಕಲ್ಲಿ ಎಡಕ್ಕೆ ಸರಿದು ಅವರನ್ನು ಬಿಟ್ಟೆ. ಗುಂಡ್ಯದಲ್ಲಿ ನಾವು ಚಹಾಕ್ಕೆ ನಿಂತಾಗ ಅವರೂ ಅಲ್ಲೇ ಚಹಾ ಕುಡಿಯುತ್ತಿದ್ದರು.

ಗುಂಡ್ಯ ಬಂದರೆ ಕಷ್ಟ ಮುಗಿಯಿತು ಎಂದು ಆಕ್ಸಿಲರೇಟರ್ ಒತ್ತುವವರಿದ್ದಾರೆ. ನೆಲ್ಯಾಡಿ, ಉಪ್ಪಿನಂಗಡಿ, ಮಾಣಿಯ ರಸ್ತೆ ತಿರುವುಮುರುವು; ಮಳೆ ನೀರು ನಿಂತಲ್ಲಿ ಟೈರು ನೆಲ ಬಿಟ್ಟು ತೇಲುತ್ತದೆ, ಸವೆದ ಟೈರಾದರೆ ಇನ್ನೂ ಬೇಗ. ಉಪ್ಪಿನಂಗಡಿ ದಾಟಿದ ಮೇಲೆ ಸಿಗುವ ಪೆರ್ನೆಯಲ್ಲಿ 2013ರಲ್ಲಿ ಅಡುಗೆ ಅನಿಲದ ಟ್ಯಾಂಕರ್ ಉರುಳಿ, ಬೆಂಕಿ ಹತ್ತಿ ಜನ ಸತ್ತರು. ಅದು ನಡೆದದ್ದು ಘಟ್ಟದಲ್ಲಲ್ಲ, ಇಳಿದು ಬಂದ ಮೇಲಿನ ದಾರಿಯಲ್ಲಿ. ಟ್ಯಾಂಕರ್ ಉರುಳಿದ್ದು ಕಂಡರೆ ಮೊಬೈಲ್ ಹಿಡಿದು ಹತ್ತಿರ ಹೋಗಬೇಡಿ. ದೂರದಲ್ಲೇ ನಿಲ್ಲಿಸಿ, ಎಂಜಿನ್ ಆರಿಸಿ, ಗಾಳಿಗೆ ಎದುರಾಗಿ ನಡೆದು ದೂರ ಹೋಗಿ, ಅಲ್ಲಿಂದ 112ಕ್ಕೆ ಕರೆ ಮಾಡಿ.

ಕಾರು ಕೆಟ್ಟರೆ ಪೂರ್ತಿ ಅಂಚಿಗೆ ಸರಿಸಿ, ತ್ರಿಕೋನ ಫಲಕವನ್ನು ತಿರುವಿಗೆ ಮೊದಲೇ ಕಾಣುವಂತೆ ಇಡಿ, ಮಕ್ಕಳನ್ನು ಇಳಿಸಿ ತಡೆಗೋಡೆಯ ಆಚೆ, ಪ್ರಪಾತವಿಲ್ಲದ ಕಡೆ ನಿಲ್ಲಿಸಿ. ಹೆದ್ದಾರಿ ಸಹಾಯವಾಣಿ 1033. ಘಟ್ಟದ ಕೆಲವೆಡೆ ನೆಟ್‌ವರ್ಕ್ ಸಿಗುವುದಿಲ್ಲ; ಹತ್ತಿರದ ತಿರುವಿನ ಅಥವಾ ಊರಿನ ಹೆಸರು ಹೇಳಿ ಯಾವುದಾದರೂ ಬಸ್ಸಿನ ಚಾಲಕರ ಕೈಯಲ್ಲಿ ಸುದ್ದಿ ಕಳುಹಿಸಿ. ಚಕ್ರಕ್ಕೆ ಒತ್ತುಕೊಟ್ಟ ಕಲ್ಲನ್ನು ಹೊರಡುವಾಗ ಎತ್ತಿ ಚರಂಡಿಯ ಆಚೆ ಹಾಕಿ. ರಸ್ತೆಯಲ್ಲೇ ಬಿಟ್ಟ ಅಂಥ ಕಲ್ಲುಗಳನ್ನು ತಪ್ಪಿಸುವುದೇ ಈ ದಾರಿಯಲ್ಲಿ ಬೈಕಿನವರಿಗೆ ಒಂದು ಪಾಡು.